ಫ್ಲಿಂಡರ್ಸ್ ರೇಂಜಸ್‌ಗೆ ಹೋಗೋರು ಕನ್ಯಾಕಕ್ಕೆ ಅರ್ಧ ದಿನ ಇಟ್ಕೊಳ್ಳಿ

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಫ್ಲಿಂಡರ್ಸ್ ರೇಂಜಸ್ ಬೆಟ್ಟಗಳಿಗೆ ಪ್ಲ್ಯಾನ್ ಮಾಡ್ತಿರೋರಿಗೆ ನನ್ನದೊಂದು ವಿನಂತಿ. ಹೆಚ್ಚಿನೋರು ವಿಲ್ಪೀನಾ ಪೌಂಡ್ ಅನ್ನೋ ಬಟ್ಟಲಿನಂಥ ಬೆಟ್ಟಸಾಲು ತಲುಪೋ ಅವಸರದಲ್ಲಿ ಕನ್ಯಾಕ ಹತ್ರ ಕಾರ್ ನಿಲ್ಸಿ ಎರಡು ಫೋಟೋ ಹೊಡ್ಕೊಂಡು ಹೊರಟುಬಿಡ್ತಾರೆ, ಹಾಗೆ ಮಾಡ್ಬೇಡಿ. ಕಥೆ ಗೊತ್ತಿಲ್ದೆ ನೋಡಿದ್ರೆ ಅದು ಬರೀ ಪಾಳುಬಿದ್ದ ಗೋಡೆ.

ಕನ್ಯಾಕ ಒಂದು ಹಳೇ ಕುರಿ ಸ್ಟೇಷನ್, ಅಂದ್ರೆ ಕುರಿ ಸಾಕೋ ದೊಡ್ಡ ಫಾರ್ಮ್. ಶುರು ಮಾಡಿದ್ದು ಹ್ಯೂ ಪ್ರೋಬಿ ಅನ್ನೋ ಯುವಕ, ಇಂಗ್ಲೆಂಡಿನ ಶ್ರೀಮಂತ ಮನೆತನದವನು. 1852ರಲ್ಲೇ, ಗುಡುಗು ಮಳೆಗೆ ಬೆದರಿ ಓಡಿದ ದನಗಳನ್ನ ತಿರುಗಿಸೋಕೆ ಕುದುರೆ ಮೇಲೆ ಹೋದೋನು ವಿಲೋಕ್ರಾ ಹಳ್ಳದ ಪ್ರವಾಹದಲ್ಲಿ ಕೊಚ್ಚಿಹೋದ. ಅವನ ಸಮಾಧಿಗೆ ಸ್ಕಾಟ್ಲೆಂಡಿಂದ ಹಡಗಲ್ಲಿ ಕಲ್ಲು ತರಿಸಿದ್ರಂತೆ. ಆಮೇಲೆ ಜಾನ್ ಫಿಲಿಪ್ಸ್ ಕೈಲಿ ಸ್ಟೇಷನ್ ಬೆಳೀತು, ಸುಮಾರು 70 ಜನ ಕೆಲಸಗಾರರು ಸಂಸಾರ ಸಮೇತ ಅಲ್ಲೇ ಇದ್ರು, ತರಕಾರಿ ಮಾಂಸ ಎಲ್ಲಾ ಅಲ್ಲಿಂದೇ. 1864ರಲ್ಲಿ 41,000 ಕುರಿಗಳ ಉಣ್ಣೆ ಕತ್ತರಿಸಿದ್ರು, ಅದೇ ವರ್ಷ ಬರ ಹಿಡೀತು, 1867ರವರೆಗೂ ಬಿಡ್ಲಿಲ್ಲ, ಸುಮಾರು 20,000 ಕುರಿ ಸತ್ವು. ನೀರಿಗೆ ಯಜಮಾನ ಹೋದ, ನೀರಿಲ್ದೆ ಕುರಿ ಹೋದ್ವು.

ಆ ಬರ ನೋಡಿಯೇ 1865ರಲ್ಲಿ ಸರ್ವೇಯರ್ ಜನರಲ್ (ಸರ್ಕಾರದ ಭೂಮಾಪನ ಮುಖ್ಯಸ್ಥ) ಜಾರ್ಜ್ ಗೋಯ್ಡರ್ ಮ್ಯಾಪ್ ಮೇಲೆ ಗೆರೆ ಎಳೆದು ಇದರಿಂದಾಚೆ ಬೇಸಾಯ ನಂಬಬೇಡಿ ಅಂದ. ಆದ್ರೆ 1870ರ ದಶಕದಲ್ಲಿ ಒಳ್ಳೇ ಮಳೆ ಆಯ್ತಲ್ಲ, ಸರ್ಕಾರ ಸ್ಟೇಷನ್‌ಗಳ ಜಮೀನು ವಾಪಸ್ ತಗೊಂಡು ಗೋಧಿ ಬೆಳೆಯೋಕೆ ಹಂಚಿಬಿಡ್ತು, ಮುಂದಿನ ದಶಕದಲ್ಲಿ ಮತ್ತೆ ಮಳೆ ಕೈಕೊಟ್ಟು ರೈತರೂ ಊರು ಬಿಟ್ರು. ದಾರಿಯುದ್ದಕ್ಕೂ ಛಾವಣಿ ಇಲ್ಲದ ಕಲ್ಲಿನ ಮನೆಗಳು ಕಾಣ್ತವೆ. ನನಗಂತೂ ಕನ್ಯಾಕಕ್ಕಿಂತ ಅವನ್ನ ನೋಡಿಯೇ ಹೆಚ್ಚು ಸಂಕಟ ಆಯ್ತು.

ಕನ್ಯಾಕ ಇರೋದು ಕ್ವಾರ್ನ್-ಹಾಕರ್ ಊರುಗಳ ನಡುವಿನ ರಸ್ತೆಯಲ್ಲಿ, ಕ್ವಾರ್ನ್‌ನಿಂದ ಸುಮಾರು 40 ಕಿ.ಮೀ. ಮೇನ್ ರೋಡ್ ಟಾರು, ಬೋರ್ಡ್ ಇದೆ, ಒಳಗೆ ಸ್ವಲ್ಪ ದೂರ ಮಣ್ಣಿನ ದಾರಿ. ಒಣಗಿದ್ದಾಗ ಸಾಮಾನ್ಯ ಕಾರ್ ಸಾಕು. ಮನೆ ಒಳಗೆ ಒಲೆಗೂಡುಗಳು ಹಾಗೇ ನಿಂತಿವೆ, ಹತ್ತಿರ ಹೋಗಿ ಗೋಡೆ ನೋಡಿ: ಕೈಗೆ ಸಿಕ್ಕ ದಪ್ಪ ಸಣ್ಣ ಕಲ್ಲುಗಳನ್ನೆಲ್ಲ ಜೋಡಿಸಿದ್ದಾರೆ, ಮರ ಸಿಗೋದೇ ಕಷ್ಟ ಇದ್ದ ಜಾಗ ಅದು. ಗೋಡೆ ಹತ್ತಬೇಡಿ, ಮಕ್ಕಳನ್ನೂ ಹತ್ತಿಸ್ಬೇಡಿ. ಉಣ್ಣೆ ಕತ್ತರಿಸೋ ಶೆಡ್ ಬೇರೆ ಕಡೆ ಇದೆ, ಅದನ್ನ ಮಿಸ್ ಮಾಡ್ಕೋಬೇಡಿ. ಹಳ್ಳದ ಪಕ್ಕ ನಡೆದ್ರೆ ಡೆತ್ ರಾಕ್ ಅನ್ನೋ ಬಂಡೆ, ನೀರಿನ ಮಡು ಸಿಗುತ್ತೆ, ಆದಿವಾಸಿಗಳಿಗೆ ಮುಖ್ಯವಾದ ಜಾಗ, ಗಲಾಟೆ ಬೇಡ.

ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ, ಬೇಸಿಗೆಲಿ 40 ಡಿಗ್ರಿ ದಾಟುತ್ತೆ. ನೀರು, ಊಟ ನೀವೇ ತಗೊಂಡು ಹೋಗ್ಬೇಕು, ಪೆಟ್ರೋಲ್ ಕ್ವಾರ್ನ್ ಅಥವಾ ಹಾಕರ್‌ನಲ್ಲೇ ಹಾಕಿಸ್ಕೊಳ್ಳಿ. ನೊಣ ಕಾಟ ವಿಪರೀತ, ಮುಖಕ್ಕೆ ಬಲೆ ಇರ್ಲಿ. ಮಳೆ ಬಂದು ರಸ್ತೆ ಮೇಲೆ ಹಳ್ಳ ಹರೀತಿದ್ರೆ ದಾಟೋಕೆ ಹೋಗ್ಲೇಬೇಡಿ, ಕಾದು ನಿಲ್ಲಿ ಇಲ್ಲ ವಾಪಸ್ ಹೋಗಿ. ಸಂಜೆ ಮೇಲೆ ಕಾಂಗರೂ ಅಡ್ಡ ಬರ್ತವೆ, ಕತ್ತಲಾಗೋದ್ರೊಳಗೆ ಹಾಕರ್ ಸೇರ್ಕೊಳ್ಳಿ.