ಟರ್ಬೋ ಆಯಿಲ್ ಪೈಪಿಗೆ ಟೇಪ್ ಸುತ್ತಿ ಕೆಟ್ಟೆ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಬರುವುದು ಹೆಚ್ಚಾಗಿ ಹಳೇ ಡೀಸೆಲ್ ಜೀಪ್‌ಗಳೇ. ತೋಟದವು, ಮಾಂದಲಪಟ್ಟಿಗೆ ಟೂರಿಸ್ಟ್‌ಗಳನ್ನು ಹತ್ತಿಸುವವು.

ಸೋಮವಾರಪೇಟೆ ಕಡೆಯ ತೋಟದವರೊಬ್ಬರು ಟರ್ಬೋ ಇಲ್ಲದ ಜೀಪ್ ತಂದಿದ್ದರು. "ಕಾಫಿ ಮೂಟೆ ಹೇರಿದ್ರೆ ಏರಲ್ಲಿ ಎರಡನೇ ಗೇರೇ ಗತಿ. ಒಂದು ಟರ್ಬೋ ಕೂರಿಸಿಕೊಡಿ" ಅಂದರು. ಟರ್ಬೋ ಅಂದರೆ ಇಂಜಿನ್ ಹೊಗೆಯ ರಭಸಕ್ಕೆ ತಿರುಗಿ, ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಫ್ಯಾನ್. ಕಿಟ್ ತರಿಸಿ ಕೂರಿಸಿದೆ. ಆಯಿಲ್ ಪ್ರೆಷರ್ ಸ್ವಿಚ್ ಇರುವ ತೂತಿಗೆ ಒಂದು ಟೀ (ಇಂಗ್ಲಿಷ್ T ಆಕಾರದ, ಮೂರು ಬಾಯಿಯ ಜಾಯಿಂಟ್) ಹಾಕಿ, ಅಲ್ಲಿಂದ ಟರ್ಬೋಗೆ ಪೈಪ್ ಕೊಟ್ಟೆ. ಸ್ಟಾರ್ಟ್ ಮಾಡಿದರೆ ಟೀ ಬುಡದಲ್ಲಿ ಆಯಿಲ್ ಒಸರುತ್ತಿತ್ತು. ಮನೆ ನಲ್ಲಿಗೆ ಸುತ್ತುತ್ತೇವಲ್ಲ, ಆ ಬಿಳಿ ಟೇಪ್, ಅದನ್ನೇ ನಾಲ್ಕು ಸುತ್ತು ಸುತ್ತಿ ಬಿಗಿದೆ. ಕೈ ತಡೆಯಲಿಲ್ಲ, ಉಳಿದ ಜಾಯಿಂಟ್‌ಗಳಿಗೂ ಸುತ್ತಿಬಿಟ್ಟೆ. ಒಂದು ಹನಿ ಬೀಳಲಿಲ್ಲ. ಖುಷಿಯಾಯಿತು.

ಇಪ್ಪತ್ತು ದಿನಕ್ಕೆ ಜೀಪ್ ವಾಪಸ್. ಏರಿನಲ್ಲಿ ಶಿಳ್ಳೆ ಹೊಡೆದ ಹಾಗೆ ಸದ್ದು. ಗಾಳಿ ಹೋಸ್ ಬಿಚ್ಚಿ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ರೆಕ್ಕೆ ಹೌಸಿಂಗಿಗೆ ತಾಗುತ್ತಿತ್ತು. ಆಯಿಲ್ ಒಳಹೋಗುವ ಸಣ್ಣ ತೂತಿಗೆ ಟಾರ್ಚ್ ಬಿಟ್ಟೆ. ಬಾಳೆನಾರಿನ ಎಳೆಯ ಹಾಗೆ ಬಿಳಿ ಟೇಪ್ ಚೂರು ಅಡ್ಡ ಕೂತಿತ್ತು. ಟರ್ಬೋ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಅದೂ ಆಯಿಲ್‌ನ ತೆಳು ಪದರದ ಮೇಲೆ ತೇಲಿಕೊಂಡು. ಆಯಿಲ್ ಕಡಿಮೆಯಾದರೆ ಶಾಫ್ಟ್ ಕೂರುವ ಬುಷ್ ಸವೆಯಲು ಹೊತ್ತು ಬೇಡ.

ಆಮೇಲೆ ಟೀಯ ಥ್ರೆಡ್‌ಗೆ ಗೇಜ್ ಹಿಡಿದು ನೋಡಿದೆ. ಅದು ಇಂಚಿಗೆ 27 ಹಲ್ಲಿನದು. ಇಂಜಿನ್ ತೂತು 28ರದ್ದು. ಎರಡೂ 1/8 ಇಂಚಿನವೇ, ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತವೆ, ಆಮೇಲೆ ಬಿಗಿಯಾಗುತ್ತದೆ. ಕೂತಿತು ಅಂತ ಕೈಗೆ ಮೋಸ! ಒಸರಿದ್ದು ಅದಕ್ಕೆ. ನಾನು ಟೇಪ್ ಸುತ್ತಿ ಅದನ್ನು ಮುಚ್ಚಿಹಾಕಿದ್ದೆ, ಅಷ್ಟೇ.

ಈಗ ತುದಿಗೆ ಹೋಗುತ್ತಾ ಸಣ್ಣದಾಗುವ ಟೇಪರ್ ಥ್ರೆಡ್ ಇದ್ದರೆ ಮಾತ್ರ ದ್ರವದ ಸೀಲಂಟ್, ಅದೂ ತುದಿಯ ಎರಡು ಹಲ್ಲು ಬಿಟ್ಟು. ಪೈಪಿನ ಬಾಯಿ ಅಗಲಿಸಿ ಕೂರಿಸುವ ಫ್ಲೇರ್ ಜಾಯಿಂಟ್ ಸೀಲ್ ಆಗುವುದು ಕೋನಿನ ಮುಖದಲ್ಲಿ. ಥ್ರೆಡ್‌ಗೆ ಏನು ಹಚ್ಚಿದರೂ ಸುಮ್ನೆ. 37 ಡಿಗ್ರಿ ಫಿಟ್ಟಿಂಗಿಗೆ 45 ಡಿಗ್ರಿ ಪೈಪ್ ಕೊಟ್ಟರೆ ಎಷ್ಟು ಬಿಗಿದರೂ ಒಸರುತ್ತದೆ. ಒಳಗೆ ತೂತಿದ್ದು ಆಯಿಲ್ ಹಾಯಿಸುವ ಬ್ಯಾಂಜೋ ಬೋಲ್ಟ್‌ಗೆ ಎರಡು ಬದಿಗೂ ಹೊಸ ತಾಮ್ರದ ವಾಷರ್. ಮಳೆಗಾಲದಲ್ಲಿ ರೋಡು ಕಟ್ ಆಗಿ ಸಾಮಾನು ಬಾರದಿದ್ದಾಗ ಹಳೇದನ್ನೇ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಹಾಕಿದ್ದೂ ಉಂಟು.

ಟರ್ಬೋದಿಂದ ಆಯಿಲ್ ಇಂಜಿನ್‌ಗೆ ಮರಳುವ ವಾಪಸ್ ಪೈಪಿನ ಫ್ಲಾಂಜಿಗೆ ಗ್ಯಾಸ್ಕೆಟ್ ಸಾಕು. ಸಿಲಿಕಾನ್ ಬಳಿದರೆ ಒಳಗೆ ಉಬ್ಬಿ ದಾರಿ ಕಟ್ಟುತ್ತದೆ. ಅಲ್ಲಿ ಆಯಿಲ್ ಇಳಿಯುವುದು ತನ್ನ ಭಾರಕ್ಕೆ ಮಾತ್ರ, ತಳ್ಳುವವರು ಯಾರೂ ಇಲ್ಲ ಅಲ್ವಾ? ಆಯಿಲ್ ಅಲ್ಲೇ ನಿಂತರೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ಟರ್ಬೋ ಹೋಯಿತು ಅಂತ ಜಾಸ್ತಿ ಜನ ಬಿಚ್ಚುವುದು ಆಗಲೇ.

ಆ ಜೀಪ್‌ಗೆ ಹೊಸ ಟರ್ಬೋ ನನ್ನ ಖರ್ಚಲ್ಲೇ ಹಾಕಿದೆ. ಪೈಪ್ ಕಟ್ಟುವ ಮೊದಲು ತೂತಿಗೆ ಆಯಿಲ್ ಹನಿಸಿ, ಕೈಯಲ್ಲಿ ಶಾಫ್ಟ್ ತಿರುಗಿಸಿದೆ. ಪೈಪ್ ಬಿಗಿದ ಮೇಲೆ ಇಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ಕೇಬಲ್ ಎಳೆದು ಹಿಡಿದು, ಪ್ರೆಷರ್ ಲೈಟ್ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದೆ. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. "ಈ ಸಲ ಟೇಪ್ ಬೇಡ್ವಾ?" ಅಂದರು.