ನಡುಗಡ್ಡೆಗೆ ಮೂರು ಕಿಲೋಮೀಟರ್

ಹೊರಡುವ ಹಿಂದಿನ ರಾತ್ರಿ ಓದಬಾರದ್ದನ್ನು ಓದಿದೆ. 1975ರ ನವೆಂಬರ್ 10ರಂದು ಉತ್ತರ ಅಮೆರಿಕದ ಲೇಕ್ ಸುಪೀರಿಯರ್‌ನಲ್ಲಿ ಕಬ್ಬಿಣದ ಅದಿರು ಹೇರಿಕೊಂಡಿದ್ದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ ಸರಕು ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರ ಉದ್ದ 222 ಮೀಟರ್. ಹಡಗಿನಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇದೆಲ್ಲ ಆದದ್ದು ಒಂದು ಸರೋವರದಲ್ಲಿ. ನಾವು ನೀರಿಗಿಳಿಸಲಿದ್ದ ದೋಣಿಯ ಉದ್ದ ನಾಲ್ಕು ಮೀಟರ್.

ಅಕ್ಕನಿಗೆ ಹೇಳಿದೆ.

"ನಾವು ನವೆಂಬರಲ್ಲಿ ಹೋಗ್ತಿಲ್ಲ. ಕಬ್ಬಿಣದ ಅದಿರು ಹೇರ್ಕೊಂಡೂ ಹೋಗ್ತಿಲ್ಲ. ಸುಮ್ನೆ ಮಲ್ಕೋ" ಎಂದಳು.

ನಾವು ಹೋದ ಸರೋವರ ಸುಪೀರಿಯರ್‌ನಷ್ಟು ದೊಡ್ಡದಲ್ಲ. ಉದ್ದ ಮೂವತ್ತು ಕಿಲೋಮೀಟರ್, ಅಗಲ ಒಂಬತ್ತು. ನಡುವೆ ಒಂದು ಪುಟ್ಟ ನಡುಗಡ್ಡೆ. ನಾವು ಉಳಿದುಕೊಂಡ ದಡದಿಂದ ಅಲ್ಲಿಗೆ ಮೂರು ಕಿಲೋಮೀಟರ್. ಆರು ದಿನ ರಜೆ ಇತ್ತು. ಸಣ್ಣ ಕೊಳಗಳಲ್ಲಿ ಇಬ್ಬರೂ ದೋಣಿ ನಡೆಸಿದ್ದೆವು. ದಡ ಯಾವಾಗಲೂ ಕೈಗೆ ಸಿಗುವಂತಿರುವ ನೀರು ಅದು. ಅಷ್ಟು ಅನುಭವ ಸಾಕು ಅಂದುಕೊಂಡಿದ್ದೆವು.

ಸಾಕಾಗಲಿಲ್ಲ. ಮೊದಲ ದಿನವೇ ಗೊತ್ತಾಯಿತು.

ಅವತ್ತು ಮಧ್ಯಾಹ್ನ ದಡದ ಹತ್ತಿರ ನೀರು ಎಣ್ಣೆ ಸುರಿದ ಹಾಗೆ ಸುಮ್ಮನಿತ್ತು. ಹಿಂದೆ ಎತ್ತರದ ಮರಗಳು. ಗಾಳಿಯೇ ಇಲ್ಲ ಅನ್ನಿಸಿತು. ನಾನು ಹುಟ್ಟು ಹಾಕಲು ಕೂತೆ, ಅಕ್ಕ ಹಿಂಬದಿಯ ಹಲಗೆಯ ಮೇಲೆ. ಇಂಥ ದೋಣಿಯಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ನನಗೆ ಕಾಣುವುದು ಬಿಟ್ಟು ಬಂದ ದಡ. ಎದುರು ಕೂತ ಅಕ್ಕನಿಗೆ ಕಾಣುವುದು ಮುಂದಿನ ನೀರು. ಮುಂದೇನಿದೆ ಅಂತ ನನಗೆ ತಿಳಿಯುವುದು ಅವಳ ಮುಖ ನೋಡಿ ಮಾತ್ರ.

ನಾನೂರು ಮೀಟರ್ ಹೋದ ಮೇಲೆ ಅವಳ ಮುಖ ಬದಲಾಯಿತು.

ಗಾಳಿ ಇಲ್ಲದೆ ಇರಲಿಲ್ಲ. ಅದು ನಾವು ಬಿಟ್ಟು ಬಂದ ನೆಲದ ಕಡೆಯಿಂದಲೇ ಬೀಸುತ್ತಿತ್ತು. ಮರಗಳು ಅದನ್ನು ತಡೆದು ದಡದ ನೀರಿಗೆ ನೆರಳಿನಂತೆ ನಿಂತಿದ್ದವು. ಆ ನೆರಳು ದಾಟಿದ್ದೇ ತಡ, ಗಾಳಿ ನೀರಿನ ಮೇಲಿಳಿದು ದೋಣಿಯನ್ನು ಒಳಕ್ಕೆ ತಳ್ಳತೊಡಗಿತು. ದಡದಲ್ಲಿ ನಿಂತವರಿಗೆ ಇದು ಕಾಣುವುದೇ ಇಲ್ಲ. ಅವರಿಗೆ ಕಾಣುವುದು ಅಲೆಗಳ ಬೆನ್ನು, ಅದೂ ನುಣ್ಣಗೆ. ದೂರ ಹೋದಷ್ಟೂ ಅಲೆ ದೊಡ್ಡದು, ಹಿಂದಿರುಗುವಾಗ ಗಾಳಿ ಎದುರು. ಸಣ್ಣ ದೋಣಿಯವರಿಗೆ ಇದಕ್ಕಿಂತ ಕೆಟ್ಟ ಬಲೆ ಇಲ್ಲ. ನಾವು ಸಲೀಸಾಗಿ ಹೋಗಿ ಬಿದ್ದೆವು.

ನಾನೂರು ಮೀಟರ್ ವಾಪಸ್ ಬರಲು ಅರ್ಧ ಗಂಟೆ ಹಿಡಿಯಿತು. ಹುಟ್ಟು ಒಂದು ಕ್ಷಣ ನಿಲ್ಲಿಸಿದರೆ ದೋಣಿ ಹಿಂದಕ್ಕೆ ಹೋಗುತ್ತಿತ್ತು. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದವು. ದೋಣಿ ಕೊಟ್ಟ ಹಿರಿಯರು ದಡದಲ್ಲೇ ನಿಂತಿದ್ದರು, ಬೈಯಲಿಲ್ಲ. "ಹೋಗುವಾಗ ಗಾಳಿ ಎದುರಿರಲಿ, ಬರುವಾಗ ಬೆನ್ನಿಗಿರಲಿ" ಎಂದಷ್ಟೇ ಹೇಳಿ ದೋಣಿ ಎಳೆಯಲು ಕೈ ಹಾಕಿದರು. ಸುಸ್ತಾಗದೆ ಇರುವಾಗ ಕಷ್ಟದ ಕೆಲಸ ಮಾಡು ಅಂತ ಅದರ ಅರ್ಥ. ಆ ಒಂದು ಮಾತನ್ನು ಬೆಳಿಗ್ಗೆಯೇ ಹೇಳಬಾರದಿತ್ತಾ ಅನ್ನಿಸಿದ್ದು ನಿಜ.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆದರಿಕೆ ಯಾವುದರದ್ದು ಅಂತ ಯೋಚಿಸಿದೆ. ಗಾಳಿಯದ್ದಲ್ಲ, ಅಲೆಯದ್ದೂ ಅಲ್ಲ. ದೋಣಿ ಮಗುಚಿದರೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೇ. ಈಜು ಬರುತ್ತಿತ್ತು. ಆದರೆ ಮೂರು ಕಿಲೋಮೀಟರ್ ನೀರಿನ ನಡುವೆ ಈಜು ಏನು ಮಾಡೀತು?

ಹಾಗಾಗಿ ಎರಡನೇ ದಿನ ದೋಣಿಯನ್ನು ಬೇಕೆಂದೇ ಮಗುಚಿದೆವು.

ಇದು ಅಕ್ಕನ ಯೋಚನೆ. ದಡದಿಂದ ಹತ್ತು ಮೀಟರ್, ಎದೆಯುದ್ದದ ನೀರು, ಹಿರಿಯರು ದಡದಲ್ಲಿ ಕಾವಲು. ಇಬ್ಬರೂ ಲೈಫ್ ಜಾಕೆಟ್ ಬಿಗಿದುಕೊಂಡು ಒಂದೇ ಕಡೆಗೆ ವಾಲಿದೆವು. ನೀರಿನ ಬಿಸಿ 16 ಡಿಗ್ರಿ. ಕೇಳಲು ಅಂಥ ತಣ್ಣಗೇನೂ ಅನ್ನಿಸುವುದಿಲ್ಲ, ಅಲ್ವಾ? ಒಳಗೆ ಬಿದ್ದ ಮೇಲೆ ಎದೆಯೊಳಗಿಂದ ಯಾರೋ ಉಸಿರನ್ನು ಕಿತ್ತುಕೊಂಡ ಹಾಗಾಯಿತು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಹಾ, ಹಾ, ಹಾ ಅಂತ ಏದುಸಿರು. ನಿಲ್ಲಿಸಲು ಹೋದರೆ ನಿಲ್ಲಲಿಲ್ಲ.

ಇದರ ಬಗ್ಗೆ ಓದಿದ್ದೆ. ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಕೆನಡಾದ ಪ್ರಾಧ್ಯಾಪಕರು ಕೊರೆಯುವ ನೀರಿಗೆ ಬಿದ್ದವರಿಗಾಗಿ ಒಂದು ಲೆಕ್ಕ ಹೇಳುತ್ತಾರೆ: ಒಂದು, ಹತ್ತು, ಒಂದು. ಉಸಿರು ಹತೋಟಿಗೆ ತರಲು ಒಂದು ನಿಮಿಷ. ಕೈಕಾಲು ಮಾತು ಕೇಳುವುದು ಹತ್ತು ನಿಮಿಷ. ಮೈ ತಣ್ಣಗಾಗಿ ಎಚ್ಚರ ತಪ್ಪಲು ಒಂದು ಗಂಟೆ. ನಮ್ಮ ನೀರು ಅಷ್ಟು ಕೊರೆಯುತ್ತಿರಲಿಲ್ಲ. ಆದರೂ ಆ ಮೊದಲ ನಿಮಿಷ ಏನೆಂದು ಅರ್ಥವಾಯಿತು. ಆ ಒಂದು ನಿಮಿಷ ಬಾಯಿಯನ್ನು ನೀರಿನ ಮೇಲಿಡುವುದು ಲೈಫ್ ಜಾಕೆಟ್. ಎಷ್ಟೇ ಒಳ್ಳೆಯ ಈಜುಗಾರನಾದರೂ ಆಗ ಈಜುವುದಿಲ್ಲ, ಬರೀ ಉಸಿರಿಗೆ ಒದ್ದಾಡುತ್ತಾನೆ. ಜಾಕೆಟ್ ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ಮೈಮೇಲಿರಬೇಕು ಅಂತ ಯಾಕೆ ಹೇಳುತ್ತಾರೆ ಅಂತ ಅವತ್ತು ಹೊಳೆಯಿತು.

ಉಸಿರು ಬಂದ ಮೇಲೆ ಮುಂದಿನ ಕಷ್ಟ. ದೋಣಿಯನ್ನು ಹೇಗೋ ನೇರ ಮಾಡಿದೆವು. ಅದರ ತುಂಬ ನೀರು, ಆದರೂ ಮುಳುಗಿರಲಿಲ್ಲ. ಹಲಗೆಗಳ ಕೆಳಗೆ ಗಾಳಿ ತುಂಬಿದ ಗೂಡುಗಳಿದ್ದವು. ಪಕ್ಕದಿಂದ ಹತ್ತಲು ಹೋದೆ, ದೋಣಿ ನನ್ನ ಮೇಲೇ ಮಗುಚಿತು. ಇನ್ನೊಮ್ಮೆ ಹೋದೆ, ಇನ್ನೊಮ್ಮೆ ಮಗುಚಿತು. ಮೂರನೇ ಸಲ ಅಕ್ಕ ದೋಣಿಯ ಮೂತಿ ಹಿಡಿದು ನಿಂತಳು, ನಾನು ಹಿಂಬದಿಗೆ ಹೋದೆ. ಅಲ್ಲಿಯೂ ಕೈಬಲದಿಂದ ಎಳೆದುಕೊಳ್ಳಲು ಆಗಲಿಲ್ಲ. ಕಾಲುಗಳು ದೋಣಿಯ ಕೆಳಗೆ ತೂರಿ ಹೋಗುತ್ತಿದ್ದವು. "ಮೊದ್ಲು ಕಾಲು ಬಡಿ ಕಣೆ, ನೀರಿನ ಮೇಲೆ ಅಡ್ಡಡ್ಡ ಮಲಗು!" ಎಂದು ಕೂಗಿದಳು. ಕಾಲು ಬಡಿದು ಮೈ ನೀರಿಗೆ ಸಮವಾಗಿ ಬಂದ ಮೇಲೆ ಒಂದೇ ಎಳೆತಕ್ಕೆ ಹೊಟ್ಟೆಯ ಮೇಲೆ ಒಳಗೆ ಜಾರಿದೆ, ಬಲೆಗೆ ಬಿದ್ದ ಮೀನಿನ ಹಾಗೆ. ಆಮೇಲೆ ಬಕೆಟ್ಟಿನಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದೆ. ಬಕೆಟ್ಟನ್ನು ಹಗ್ಗದಿಂದ ದೋಣಿಗೆ ಕಟ್ಟಿರದಿದ್ದರೆ ಅದು ಮೊದಲೇ ತೇಲಿ ಹೋಗಿರುತ್ತಿತ್ತು.

ಮೊದಲ ಸಲ ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ದಡಕ್ಕೆ ಹೋಗಿ ಮೈ ಕಾಯಿಸಿಕೊಂಡು ಬಂದು ಮತ್ತೆ ಮಗುಚಿದೆವು. ಸಂಜೆಯ ಹೊತ್ತಿಗೆ ಒಂಬತ್ತು ನಿಮಿಷಕ್ಕೆ ಬಂದಿತ್ತು. ಮಂಡಿ ಕೆತ್ತಿತ್ತು, ತುಟಿ ನೀಲಿಯಾಗಿತ್ತು. ಅವತ್ತು ರಾತ್ರಿ ಮಾತ್ರ ಕಲ್ಲಿನ ಹಾಗೆ ಮಲಗಿದೆ.

ಮೂರನೇ ದಿನ ನೀರಿಗಿಳಿಯಲೇ ಇಲ್ಲ. ಗಾಳಿ. ದಡದ ಬಂಡೆಯ ಮೇಲೆ ಕೂತು ಸರೋವರ ನೋಡುತ್ತಾ ದಿನ ಕಳೆದೆವು. ಬೇಜಾರಿನ ದಿನ ಅಂತ ಶುರುವಾದದ್ದು ಸರೋವರವನ್ನು ಓದುವ ದಿನವಾಯಿತು.

1805ರಲ್ಲಿ ಬ್ರಿಟಿಷ್ ನೌಕಾದಳದ ಫ್ರಾನ್ಸಿಸ್ ಬೋಫರ್ಟ್ ಗಾಳಿಯನ್ನು ಸೊನ್ನೆಯಿಂದ ಹನ್ನೆರಡರವರೆಗೆ ಅಳೆಯುವ ಪಟ್ಟಿ ಮಾಡಿದ. ಅದರಲ್ಲಿ ಯಂತ್ರದ ಮಾತೇ ಇರಲಿಲ್ಲ. ಕಣ್ಣಿಗೆ ಕಾಣುವುದನ್ನು ನೋಡಿ ಗಾಳಿಯ ಜೋರನ್ನು ಹೇಳುವ ಉಪಾಯ ಅದು. ಈಗಿನ ಪಟ್ಟಿಯಲ್ಲಿ ನೀರಿನ ಮೈ ಹೇಗೆ ಕಾಣುತ್ತದೆ ಅಂತಲೂ ಇದೆ. ಅಲ್ಲಲ್ಲಿ ಒಂದೊಂದು ಬಿಳಿ ನೊರೆ ಒಡೆದರೆ ಮೂರು, ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್. ಎತ್ತ ನೋಡಿದರೂ ನೊರೆ ಕಂಡರೆ ನಾಲ್ಕು, 20ರಿಂದ 28. ನಮ್ಮ ದೋಣಿಗೆ, ನಮ್ಮ ತೋಳಿಗೆ ಮೂರೇ ಕೊನೆ ಅಂತ ಬಂಡೆಯ ಮೇಲೆ ತೀರ್ಮಾನವಾಯಿತು. ಒಂದು ನೊರೆ ಕಂಡರೆ ಯೋಚಿಸುವುದು. ಒಂದೇ ನೋಟಕ್ಕೆ ನಾಲ್ಕೈದು ಕಂಡರೆ ಮಾತಿಲ್ಲದೆ ತಿರುಗುವುದು.

ಬೆಳಿಗ್ಗೆ ಒಂಬತ್ತಕ್ಕೆ ಸಣ್ಣಗೆ ನಡುಗುತ್ತಿದ್ದ ನೀರು ಹನ್ನೊಂದಕ್ಕೆ ಕುದಿಯುತ್ತಿತ್ತು. ಅಲೆ ಬೆಳೆಯಲು ಮೂರು ಬೇಕು: ಗಾಳಿಯ ಜೋರು, ಅದು ಬೀಸುವ ಹೊತ್ತು, ನೀರಿನ ಮೇಲೆ ಅದು ತಡೆಯಿಲ್ಲದೆ ಓಡುವ ದೂರ. ಅಗಲಕ್ಕೆ ಬೀಸಿದರೆ ಒಂಬತ್ತು ಕಿಲೋಮೀಟರ್ ಓಟ, ಉದ್ದಕ್ಕೆ ಬೀಸಿದರೆ ಮೂವತ್ತು. ಅದೇ ಗಾಳಿ, ಅದೇ ಸರೋವರ, ಅಲೆ ಮಾತ್ರ ಬೇರೆ. ಅವತ್ತು ಉದ್ದಕ್ಕೇ ಬೀಸುತ್ತಿತ್ತು. ಸರೋವರದ ಅಲೆಗಳು ಕಡಲಿನ ಅಲೆಗಳಷ್ಟು ಎತ್ತರ ಇರಲಿಕ್ಕಿಲ್ಲ. ಆದರೆ ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತವೆ, ಕಡಿದಾಗಿರುತ್ತವೆ. ಒಂದನ್ನು ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ಮೂತಿಯ ಮೇಲೆ.

ನಾಲ್ಕನೇ ದಿನ ಬೆಳಿಗ್ಗೆ ಒಂದು ತಮಾಷೆ ನಡೆಯಿತು. ರಾತ್ರಿ ಗಾಳಿ ನಿಂತಿತ್ತು. ನೀರಿನಂಚಿಗೆ ಕಟ್ಟಿದ್ದ ದೋಣಿ ಒಣ ಮರಳಿನ ಮೇಲೆ ಕೂತಿತ್ತು. ನೀರು ಒಂದು ಗೇಣು ಇಳಿದಿತ್ತು! ತಳ್ಳಲು ಹಗ್ಗ ಬಿಚ್ಚುತ್ತಾ, ಮಾತಾಡುತ್ತಾ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೀರು ತಾನಾಗಿ ಬಂದು ದೋಣಿಯನ್ನು ಎತ್ತಿತು. ಹಿಂದಿನ ದಿನದ ಗಾಳಿ ನೀರನ್ನೆಲ್ಲ ಒಂದು ತುದಿಗೆ ಒತ್ತರಿಸಿತ್ತು. ಗಾಳಿ ನಿಂತ ಮೇಲೆ ಆ ನೀರು ತೊಟ್ಟಿಯಲ್ಲಿ ಅಲುಗಾಡಿದ ಹಾಗೆ ಆಚೆಗೂ ಈಚೆಗೂ ತೂಗುತ್ತಿತ್ತು. ಇದಕ್ಕೆ ಸೇಶ್ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಫೊರೆಲ್ ಎಂಬ ವಿಜ್ಞಾನಿ ಜಿನೀವಾ ಸರೋವರದ ದಡದಲ್ಲಿ ಕೂತು ವರ್ಷಗಟ್ಟಲೆ ಇದನ್ನು ಅಳೆದಿದ್ದ. ನಮಗೆ ಪುಕ್ಕಟೆಯಾಗಿ ಕಣ್ಣೆದುರೇ ಕಂಡಿತು.

ಅವತ್ತು ಹೊರಟೆವು. ಗಾಳಿ ನಡುಗಡ್ಡೆಯ ಕಡೆಯಿಂದ, ತೆಳ್ಳಗೆ. ಹಿರಿಯರ ಲೆಕ್ಕಕ್ಕೆ ಸರಿ. ಎಷ್ಟು ಹೊತ್ತಿಗೆ ವಾಪಸ್ ಅಂತ ಚೀಟಿ ಬರೆದು ಅವರ ಕೈಗೆ ಕೊಟ್ಟೆವು. ಕೊರಳಲ್ಲಿ ಸೀಟಿ, ನೀರು ಹೋಗದ ಚೀಲದಲ್ಲಿ ಫೋನು. ದಾರಿ ತಪ್ಪದಿರಲು ನಾನು ಒಂದು ಉಪಾಯ ಕಲಿತಿದ್ದೆ. ದಡದಲ್ಲಿ ಒಂದು ಕೆಂಪು ಸೂರು, ಅದರ ಹಿಂದೆ ಗುಡ್ಡದ ಮೇಲೆ ಒಂಟಿ ಮರ. ಎರಡೂ ಒಂದೇ ಗೆರೆಯಲ್ಲಿ ಇರುವವರೆಗೆ ನೇರ ಹೋಗುತ್ತಿದ್ದೇವೆ. ಮರ ಸೂರಿನ ಬಲಕ್ಕೆ ಜಾರಿದರೆ ನಾವೂ ನನ್ನ ಬಲಕ್ಕೆ ಜಾರಿದ್ದೇವೆ. ಬೆನ್ನು ಹಾಕಿ ಕೂತವಳಿಗೂ ದಾರಿ ಕಾಣುತ್ತದೆ ಅಂತ ಗೊತ್ತಾದ ಖುಷಿ ಇದೆಯಲ್ಲ, ಅದನ್ನು ಹೇಳಲು ಬರುವುದಿಲ್ಲ.

ಎರಡು ಕಿಲೋಮೀಟರ್ ದಾಟಿದ್ದೆವು. ಅಕ್ಕ ಸುಮ್ಮನಾದಳು.

"ಎಷ್ಟು?" ಎಂದೆ.

"ಎರಡು. ಅಲ್ಲ, ಮೂರು. ಅಗೋ ಇನ್ನೊಂದು. ತಿರುಗ್ಸು."

"ಅಕ್ಕಾ, ಇನ್ನೊಂದೇ ಕಿಲೋಮೀಟರ್!"

"ಆ ಒಂದು ಆದ್ಮೇಲೆ ವಾಪಸ್ ಮೂರಿದೆ. ಲೆಕ್ಕ ಬರುತ್ತಾ ನಿಂಗೆ?"

ಮೊದಲ ದಿನ ನಾನೂರು ಮೀಟರಿಗೆ ನಡುಗಿದವಳು ನಾನೇ. ಈಗ ಮುಂದೆ ಹೋಗೋಣ ಅಂತ ಜಗಳ ಆಡಿದವಳೂ ನಾನೇ. ಎರಡನೇ ದಿನದ ಮಗುಚಾಟ ತಲೆಗೇರಿತ್ತು. ಕೊನೆಗೆ ತಿರುಗಿಸಿದೆ. ತಿರುಗುವಾಗ ದೋಣಿ ಅಲೆಗೆ ಅಡ್ಡಲಾದ ಆ ನಾಲ್ಕು ಕ್ಷಣ ಎರಡು ಬೊಗಸೆ ನೀರು ಒಳಗೆ ಬಿತ್ತು. ಬೆನ್ನಿಗೆ ಅಲೆ ಬಂದಾಗ ದೋಣಿ ಜಾರಿ ಮತ್ತೆ ಅಡ್ಡವಾಗಲು ನೋಡುತ್ತಿತ್ತು. ಪ್ರತಿ ಸಲ ಒಂದು ಹುಟ್ಟನ್ನು ಒತ್ತಿ ಹಿಡಿದು ನೇರ ಮಾಡುತ್ತಾ ದಡ ಸೇರಿದೆವು.

ಸೇರಿ ಒಂದು ಗಂಟೆಯಲ್ಲಿ ಗಾಳಿ ಬಿದ್ದುಹೋಯಿತು. ಸರೋವರ ಕನ್ನಡಿಯಂತಾಯಿತು. ನಡುಗಡ್ಡೆ ಅಲ್ಲೇ, ಬಾ ಅಂತ ಕರೆಯುವಷ್ಟು ಹತ್ತಿರ. ಅಕ್ಕನ ಮುಖ ನೋಡಿದೆ.

"ಬೈಯೋದಿದ್ರೆ ಬೈದ್ಬಿಡು" ಎಂದಳು.

ಬೈಯಲಿಲ್ಲ. ಗಾಳಿ ಬೀಳದೆಯೂ ಇರಬಹುದಿತ್ತು. ಎರಡು ಕಿಲೋಮೀಟರ್ ಆಚೆ, ಅಲೆಯಲ್ಲಿ ತೂಗುತ್ತಾ ಕೂತು ಅದನ್ನು ಹೇಳುವವರು ಯಾರು?

ಐದನೇ ದಿನ ಬೆಳಿಗ್ಗೆ ಐದೂವರೆಗೇ ಹೊರಟೆವು. ನೆಲ ಕಾಯುವ ಮೊದಲು ನೀರು ಹೆಚ್ಚಾಗಿ ಶಾಂತವಾಗಿರುತ್ತದೆ. ಹುಟ್ಟಿನಿಂದ ತೊಟ್ಟಿಕ್ಕುವ ಹನಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಡುನೀರಿಗೆ ಬಂದಾಗ ಹೊಸ ಹೆದರಿಕೆಯೊಂದು ಬಂತು. ತಿರುಗಿ ನೋಡಿದರೆ ಆಚೆ ದಡದ ಮರಳು ಮಾಯವಾಗಿತ್ತು, ನೀರಂಚಿನ ಕಲ್ಲುಗಳೂ ಇರಲಿಲ್ಲ. ದೋಣಿಯಲ್ಲಿ ಕೂತರೆ ಕಣ್ಣು ನೀರಿನಿಂದ ಎಂಬತ್ತು ಸೆಂಟಿಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಾನಂಚು ಮೂರು ಕಿಲೋಮೀಟರ್ ಚಿಲ್ಲರೆ ದೂರ ಅಷ್ಟೇ. ಅದರಾಚೆಯದು ಬುಡದಿಂದ ಮರೆಯಾಗುತ್ತಾ ಹೋಗುತ್ತದೆ. ಅಲ್ಲಿ ಬುಡ ಕಾಣದ ಗುಡ್ಡಗಳು, ನೀರಿನ ಮೇಲೆ ತೇಲುವ ಹಾಗೆ. ಕಾರಣ ಗೊತ್ತಿದ್ದರೂ ಹೊಟ್ಟೆ ಒಮ್ಮೆ ತಣ್ಣಗಾಯಿತು. ಕೆಂಪು ಸೂರು, ಒಂಟಿ ಮರ. ಎರಡೂ ಗೆರೆಯಲ್ಲೇ ಇದ್ದವು. ಎಳೆಯುತ್ತಾ ಹೋದೆ.

ಐವತ್ತು ನಿಮಿಷಕ್ಕೆ ನಡುಗಡ್ಡೆ. ನಿಜ ಹೇಳಬೇಕೆಂದರೆ ಅಲ್ಲಿ ಏನೂ ಇರಲಿಲ್ಲ. ಕಲ್ಲು, ಪೊದೆ, ಹಕ್ಕಿ ಹಿಕ್ಕೆ. ಕಾಲು ಗಂಟೆ ಇದ್ದೆವು. ಜಾಗ ಬದಲಾಯಿಸಿಕೊಂಡು ವಾಪಸ್ ಹೊರಟೆವು. ಈ ಸಲ ಅಕ್ಕ ಹುಟ್ಟು ಹಾಕಿದಳು, ಮುಂದಿನ ನೀರು ನನ್ನ ಕಣ್ಣಿಗೆ. ಏಳೂವರೆಗೆಲ್ಲ ದೋಣಿ ಮರಳಿನ ಮೇಲಿತ್ತು.

ಆರನೇ ದಿನವೂ ಐದಕ್ಕೆ ಎದ್ದೆ. ಆಚೆ ದಡಕ್ಕೇ ಹೋಗಿಬಿಡೋಣ ಅಂತ ರಾತ್ರಿ ಮಾತಾಗಿತ್ತು. ಕಿಟಕಿ ತೆರೆದೆ. ಮರಗಳ ತುದಿ ಒಂದೇ ಕಡೆ ಬಾಗಿತ್ತು, ದೂರದ ನೀರಿನ ಮೇಲೆ ಬಿಳಿ ಚುಕ್ಕೆಗಳು. ಎಣಿಸಿದೆ. ಏಳಕ್ಕೆ ನಿಲ್ಲಿಸಿದೆ.

"ಎಷ್ಟು?" ಎಂದಳು ಅಕ್ಕ, ಹೊದಿಕೆಯೊಳಗಿಂದಲೇ.

"ಏಳು."

"ಮಲ್ಕೋ."

ಮಲಗಿದೆ.