ರೂಟ್ ಆಗಲು ಹೋಗಿ ಮಷೀನ್ ಕೆಡವಿದೆ

ಪ್ರಿವಿಲೆಜ್ ಎಸ್ಕಲೇಶನ್, ಅಂದರೆ ಸಿಸ್ಟಮ್‌ನಲ್ಲಿ ಇರುವುದಕ್ಕಿಂತ ಹೆಚ್ಚಿನ ಅಧಿಕಾರ ಪಡೆಯುವುದನ್ನು, ಕಲಿಯಲು ಶುರು ಮಾಡಿದ ಮೊದಲ ವಾರ ನಾನು ಸಾಧಿಸಿದ್ದು ಒಂದೇ, ಅಭ್ಯಾಸಕ್ಕೆಂದು ಹಾಕಿಕೊಂಡ ವರ್ಚುವಲ್ ಮಷೀನನ್ನು ಮತ್ತೆ ಮತ್ತೆ ಹ್ಯಾಂಗ್ ಮಾಡಿದ್ದು. ಸಾಮಾನ್ಯ ಯೂಸರ್ ಆಗಿ ಒಳಗೆ ಹೋಗಿದ್ದೆ, ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಆಗಬೇಕಿತ್ತು. ಕರ್ನಲ್ (ಸಿಸ್ಟಮ್‌ನ ತಿರುಳು) ಹಳೆಯದು ಅಂತ ಕಂಡದ್ದೇ ತಡ, ಡರ್ಟಿ ಕೌ ಎಂಬ ದೋಷವನ್ನು ಬಳಸಿಕೊಳ್ಳುವ ಕೋಡ್ (ಎಕ್ಸ್‌ಪ್ಲಾಯಿಟ್) ತಂದು ಓಡಿಸಿದೆ. 2007ರಿಂದ ಲಿನಕ್ಸ್ ಕರ್ನಲ್ ಒಳಗೇ ಕೂತಿದ್ದು 2016ರಲ್ಲಿ ಸರಿಪಡಿಸಿದ ದೋಷ ಅದು. ಕೇಳಲು ಭಾರೀ ರೋಚಕ, ಆದರೆ ನನಗೆ ರೂಟ್ ಸಿಗಲಿಲ್ಲ, ಬರೀ ಕಪ್ಪು ಪರದೆ ಸಿಕ್ಕಿತು.

ನಿಜವಾದ ದಾರಿ ಕಣ್ಣೆದುರೇ ಇತ್ತು. ಪ್ರತಿ ನಿಮಿಷ ಒಂದು ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ) ರೂಟ್ ಹೆಸರಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ಓಡಿಸುತ್ತಿತ್ತು, ಆ ಸ್ಕ್ರಿಪ್ಟನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಒಂದು ಸಾಲು ಸೇರಿಸಿದೆ, ಒಂದು ನಿಮಿಷ ಕಾದೆ, ಅಷ್ಟೇ.

ಆಮೇಲೆ ಎಕ್ಸ್‌ಪ್ಲಾಯಿಟ್ ಹುಡುಕುವುದು ಬಿಟ್ಟು ಸುಮ್ನೆ ಓದಲು ಶುರು ಮಾಡಿದೆ. ನಾನು ಯಾವ ಗ್ರೂಪಿನಲ್ಲಿದ್ದೇನೆ, ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಬಿಡುವ ಸುಡೊ ನನಗೆ ಏನೇನಕ್ಕೆ ಬಿಡುತ್ತದೆ, ಎಸ್‌ಯುಐಡಿ ಬಿಟ್ (ಯಾರು ಓಡಿಸಿದರೂ ಫೈಲ್‌ನ ಓನರ್ ಅಧಿಕಾರದಲ್ಲೇ ಓಡಿಸುವ ಗುರುತು) ಇರುವ ಫೈಲ್‌ಗಳು ಯಾವುವು. ವಿಮ್ ಎಂಬ ಎಡಿಟರ್‌ಗೆ ಮಾತ್ರ ಸುಡೊ ಕೊಟ್ಟಿದ್ದೇವೆ, ಏನಾಗುತ್ತದೆ ಅಂದುಕೊಳ್ಳುತ್ತಾರೆ, ಆದರೆ ವಿಮ್ ಒಳಗಿಂದಲೇ ಶೆಲ್, ಅಂದರೆ ಕಮಾಂಡ್ ಹೊಡೆಯುವ ಪರದೆ, ರೂಟ್ ಆಗಿಯೇ ತೆರೆಯಬಹುದು ಅಲ್ವಾ? ಇಂಥವನ್ನೆಲ್ಲ ಜಿಟಿಎಫ್‌ಒಬಿನ್ಸ್ ಎಂಬ ವೆಬ್‌ಸೈಟಿನಲ್ಲಿ ಪಟ್ಟಿ ಮಾಡಿಟ್ಟಿದ್ದಾರೆ, ಸಿಸ್ಟಮ್ ಕಾಯುವವರೇ ಅದನ್ನು ಜಾಸ್ತಿ ಓದಬೇಕು ಅಂತ ನನಗನಿಸುತ್ತದೆ. ಎಸ್‌ಯುಐಡಿ ಇದ್ದ ಮಾತ್ರಕ್ಕೆ ತಪ್ಪಲ್ಲ. ಪಾಸ್‌ವರ್ಡ್ ಬದಲಿಸುವ ಕಮಾಂಡ್ ಪಾಸ್‌ವರ್ಡ್‌ಗಳ ಗುಪ್ತರೂಪ ಇರುವ ಶ್ಯಾಡೋ ಫೈಲ್‌ಗೆ ಬರೆಯಬೇಕು, ಅದಕ್ಕೆ ರೂಟ್ ಬಲ ಬೇಕೇ ಬೇಕು. ಆದರೆ ಅಂಥ ಪ್ರೋಗ್ರಾಂನಲ್ಲಿ ಒಂದು ತಪ್ಪಾದರೂ ಕಥೆ ಮುಗಿಯಿತು. ಸುಡೊ ಥರದ್ದೇ ಇನ್ನೊಂದು ಕಮಾಂಡ್ ಪಿಕೆಎಕ್ಸೆಕ್‌ನಲ್ಲಿ 2009ರಿಂದ ಇದ್ದ ದೋಷ ಹೊರಬಿದ್ದದ್ದು 2022ರ ಜನವರಿಯಲ್ಲಿ, ಪ್ಯಾಚ್ ಹಾಕಲು ಆಗದವರಿಗೆ ಆ ಎಸ್‌ಯುಐಡಿ ಬಿಟ್ ತೆಗೆಯಿರಿ ಅಂತಲೇ ಹೇಳಿದ್ದರು.

ವಿಂಡೋಸ್ ಇನ್ನೂ ಕಲಿಯುತ್ತಿದ್ದೇನೆ. ಸರ್ವಿಸ್‌ನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂನ) ಪಾತ್‌ನಲ್ಲಿ ಸ್ಪೇಸ್ ಇದ್ದು ಕೋಟ್ ಹಾಕದಿದ್ದರೆ ವಿಂಡೋಸ್ ಸ್ಪೇಸ್ ಬಂದಲ್ಲೆಲ್ಲ ನಿಂತು ಬೇರೆ ಫೈಲ್ ಇದೆಯೇ ಅಂತ ನೋಡುತ್ತದೆ ಅನ್ನುವುದು ತಿಳಿದಾಗ ನಕ್ಕುಬಿಟ್ಟೆ. ಅಂದಹಾಗೆ, ಇದೆಲ್ಲ ನಿಮ್ಮದೇ ಮಷೀನ್‌ನಲ್ಲಿ, ಇಲ್ಲವೇ ಬರೆದುಕೊಟ್ಟ ಅನುಮತಿ ಇದ್ದಲ್ಲಿ ಮಾತ್ರ.

ಕೊನೆಗೆ ಅದೇ ಪರೀಕ್ಷೆಯನ್ನು ನನ್ನ ಲ್ಯಾಪ್‌ಟಾಪ್ ಮೇಲೆ ಮಾಡಿದೆ. ರೂಟ್ ಓಡಿಸುವ ಸ್ಕ್ರಿಪ್ಟ್ ಒಂದಕ್ಕೆ 777 ಪರ್ಮಿಶನ್, ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಓಡಿಸಬಹುದು! ಎಂದೋ 'ಪರ್ಮಿಶನ್ ಡಿನೈಡ್' ಬಂದ ಸಿಟ್ಟಿನಲ್ಲಿ ನಾನೇ ಕೊಟ್ಟದ್ದು. ಓನರನ್ನು ರೂಟ್ ಮಾಡಿ 700 (ಓನರಿಗೆ ಮಾತ್ರ) ಕೊಟ್ಟೆ, ಆಮೇಲೆ ಹೊಳೆಯಿತು, ಆ ಫೈಲ್ ಇರುವ ಫೋಲ್ಡರ್ ನನ್ನದೇ, ಹಳೆಯದನ್ನು ಅಳಿಸಿ ಅದೇ ಹೆಸರಲ್ಲಿ ಹೊಸದನ್ನು ಇಡಬಹುದು. ಹಾಗಾಗಿ ಆ ಸ್ಕ್ರಿಪ್ಟನ್ನೂ ಬೇರೆ ಕಡೆ ಸರಿಸಿದೆ. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಪ್ರತ್ಯೇಕವಾಗಿ ಓಡಿಸುವ ಸಾಧನ) ಗ್ರೂಪಿನಲ್ಲಿ ಇರುವುದು ಹೆಚ್ಚುಕಡಿಮೆ ರೂಟ್ ಆಗಿದ್ದಂತೆಯೇ ಅಂತ ಗೊತ್ತಿದ್ದರೂ ಅದರಿಂದ ಮಾತ್ರ ಇನ್ನೂ ಹೊರಬಂದಿಲ್ಲ, ಪ್ರತಿ ಸಲ ಸುಡೊ ಟೈಪ್ ಮಾಡಲು ಸೋಮಾರಿತನ.